ಗಾಜಿಗೆ ಅಂಟಿದ ಫೋಟೊಗಳ ಡೆನ್ಜಿಲ್ ಪೊರ್ಬು

ಡೆನ್ಜಿಲ್ ಪೊರ್ಬುಗಳ ಹೆಸರು ನಾನು ಮೊದಲು ಕೇಳಿದ್ದು ಮೀನು ಮಾರುವ ಅಕ್ಕುವಿನ ಬಾಯಿಯಲ್ಲಿ. ಕೊರೊನಾ ಮುಗಿದ ಮರುವರ್ಷ, ಏಪ್ರಿಲ್ ತಿಂಗಳ ಕೊನೆಯ ಮಂಗಳವಾರ. ಆ ದಿನ ನಾನು ಬೀಡಿ ಕಟ್ಟುವ ಗೆರಸೆಯನ್ನು ಬದಿಗಿಟ್ಟು, ಒಲೆಯ ಮೇಲೆ ನೀರು ಕುದಿಸಿ, ಅದರ ಹಬೆಗೆ ನನ್ನ ಗಂಡನ ಫೋಟೊದ ಗಾಜು ಹಿಡಿದು ಕೂತಿದ್ದೆ. ಕುದ್ರೋಳಿಯ ನನ್ನ ಬಾಡಿಗೆ ಮನೆಗೆ ಇರುವುದು ಒಂದೇ ಬಾಗಿಲು. ಅಕ್ಕು ಬುಟ್ಟಿ ಇಳಿಸಿ ಒಳಗೆ ಇಣುಕಿದಳು.

"ಎಂತ ಮಾರಾಯ್ತಿ ಅದು? ಲೋಕಯ್ಯಣ್ಣನನ್ನು ಪತ್ರೊಡೆಯ ಹಾಗೆ ಬೇಯಿಸ್ತಿದ್ದೀಯಾ?"

ನಗು ಬರಲಿಲ್ಲ. ಫೋಟೊ ಗಾಜಿಗೆ ಅಂಟಿಕೊಂಡಿತ್ತು. ನಮ್ಮ ಊರಿನ ಮಳೆಗಾಲದ ತೇವ ಚೌಕಟ್ಟಿನ ಒಳಗೆ ಹೋದರೆ ಫೋಟೊದ ಬಣ್ಣದ ಸಿಪ್ಪೆ ಗಾಜನ್ನೇ ಹಿಡಿದುಕೊಳ್ಳುತ್ತದೆ. ಎಳೆದರೆ ಕಾಗದ ಮಾತ್ರ ಕೈಗೆ ಬರುತ್ತದೆ. ಅದರ ಮೇಲೆ ಬೂಷ್ಟು ಬೇರೆ. ಎರಡು ವರ್ಷದ ಹಿಂದೆ ಕೆಳಗಿನ ಮೂಲೆಯಲ್ಲಿ ಹತ್ತಿಯಂತೆ ಶುರುವಾದದ್ದು ಒಂದು ಮಳೆಗಾಲಕ್ಕೆ ಮೊಣಕೈಗೆ, ಇನ್ನೊಂದಕ್ಕೆ ಭುಜಕ್ಕೆ ಬಂದಿತ್ತು. ಈ ಜೂನ್ ದಾಟಿದರೆ ಮುಖ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮಗೆ ಮಕ್ಕಳಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಮಣ್ಣು ಮೆಟ್ಟಿದ ಆ ಮನುಷ್ಯನ ಮುಖ ಈ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ.

"ಬಿಡು ಅದನ್ನು, ಚರ್ಮ ಸುಲಿದು ಹಾಕ್ಬೇಡ," ಎಂದಳು ಅಕ್ಕು. "ಹಂಪನಕಟ್ಟೆಯಲ್ಲಿ ಡೆನ್ಜಿಲ್ ಅಂತ ಒಬ್ಬರು ಪೊರ್ಬು ಇದ್ದಾರೆ. ಅಂಟಿದ ಫೋಟೊವನ್ನು ಗಾಜಿನಲ್ಲೇ ಬಿಟ್ಟು ಹೊಸದೊಂದು ಮಾಡಿ ಕೊಡ್ತಾರೆ. ನಮ್ಮ ಅತ್ತಿಗೆಯ ಮಾವನದ್ದು ಮಾಡಿ ಕೊಟ್ಟಿದ್ದಾರೆ. ಮೀಸೆಯ ಕೂದಲು ಲೆಕ್ಕ ಮಾಡ್ಬಹುದು."

ಕ್ರಿಶ್ಚಿಯನ್ ಗಂಡಸರನ್ನು ನಾವು ಗೌರವದಿಂದ ಪೊರ್ಬು ಎನ್ನುವುದು. ಮರುದಿನವೇ ಚೌಕಟ್ಟನ್ನು ಹಳೆ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದೆ.

ಅವರ ಸ್ಟುಡಿಯೋ ಮುಚ್ಚಿ ಹತ್ತು ವರ್ಷವಾಗಿತ್ತು. ಒಂದು ಹಳೆ ಲಾಡ್ಜಿನ ಹಿಂದಿನ ಮಹಡಿಯಲ್ಲಿ ಒಂದೇ ಕೋಣೆ. ಮಂಚ, ಒಂದು ಕುರ್ಚಿ, ಗೋಡೆಯಲ್ಲಿ ಏಸುವಿನ ಪಟ, ಮೂರು ಕ್ಯಾಮರಾ. ಎಪ್ಪತ್ತು ದಾಟಿದ, ಉದ್ದಕ್ಕೆ ಒಣಗಿದ ಮನುಷ್ಯ. ಕೋಣೆಯ ಒಳಗೂ ಕಪ್ಪು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂತಿದ್ದರು.

"ಹೆದರ್ಬೇಡಿ, ಸ್ಟೈಲಿಗೆ ಅಲ್ಲ," ಎಂದರು. "ಎಡಗಣ್ಣಿಗೆ ಆಪರೇಷನ್ ಆಗಿದೆ, ಬೆಳಕು ಚುಚ್ತದೆ. ತಂಗಿಯ ಮಗಳು ಕುವೈತಿಂದ ಕಳಿಸಿದ್ದು. ಬಲಗಣ್ಣು ಆಗಲೇ ರಿಟೈರ್ ಆಗಿದೆ."

ಚೌಕಟ್ಟನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಹೇಗೆ ಸತ್ತರು, ಯಾವಾಗ ಸತ್ತರು ಎಂದು ಎಲ್ಲರೂ ಕೇಳುತ್ತಾರೆ. ಅವರು ಅದನ್ನು ಕೇಳಲಿಲ್ಲ, ನಳಿನ ಎಂಬ ನನ್ನ ಹೆಸರು ಮಾತ್ರ ಕೇಳಿದರು.

"ಶರಟಿನ ಬಣ್ಣ ಎಂತದು?"

"ಬಿಳಿ. ನೀಲಿ ಹಾಕಿ ಒಗೆದ ಬಿಳಿ."

"ಗುಂಡಿ?"

ಯಾರೂ ಕೇಳದ ಪ್ರಶ್ನೆ. ನಾನು ಹೇಳಿದೆ. ಕಾರ್ಖಾನೆಯ ಆಯುಧಪೂಜೆಯ ಬೆಳಿಗ್ಗೆ ಎರಡನೇ ಗುಂಡಿ ಕಿತ್ತುಬಂತು. ಮನೆಯಲ್ಲಿ ಬಿಳಿ ನೂಲಿರಲಿಲ್ಲ, ಬೀಡಿ ಕಟ್ಟುವ ಕೆಂಪು ನೂಲಿತ್ತು. ಅದರಲ್ಲೇ ಹೊಲಿದೆ. "ಇಡೀ ಕಾರ್ಖಾನೆ ನಗ್ತದೆ" ಎಂದು ಬೈಯುತ್ತಾ ಹೋದರು. ಆ ದಿನವೇ ಯಾರೋ ಈ ಫೋಟೊ ತೆಗೆದರು. ಆದರೆ ಗೋಡೆಯಲ್ಲಿ ಅದು ಬಾಗಿಲಿನ ಎದುರಿಗೆ ಇದ್ದುದರಿಂದ ಎದೆಯ ಮೇಲೆ ಯಾವಾಗಲೂ ಬಾಗಿಲಿನ ಬೆಳಕೇ ಬಿದ್ದಿರುತ್ತಿತ್ತು. ಮತ್ತೆ ಗಾಜು ಮಸುಕಾಯಿತು. ಆ ಕೆಂಪು ನೂಲು ನಿಜವಾಗಿ ಫೋಟೊದಲ್ಲಿ ಉಂಟಾ, ಅಥವಾ ನಾನೇ ನೆನಪಿನಲ್ಲಿ ಹೊಲಿದದ್ದಾ ಎಂದು ಈಚೆಗೆ ನನಗೇ ಅನುಮಾನ ಬರುತ್ತಿತ್ತು. ಕೇಳೋಣವೆಂದರೆ ಆ ಬೆಳಿಗ್ಗೆ ಮನೆಯಲ್ಲಿದ್ದದ್ದು ನಾವಿಬ್ಬರೇ.

"ಉಂಟಾ ಇಲ್ಲವಾ ನೋಡುವ," ಎಂದರು ಪೊರ್ಬು. "ಇದನ್ನು ಬಿಡಿಸ್ಲಿಕ್ಕೆ ಆಗುವುದಿಲ್ಲ ನಳಿನಕ್ಕ. ಗಾಜು, ಫೋಟೊ ಒಂದೇ ಆಗಿದೆ. ಗಾಜಿನ ಸಮೇತ ಇದರದ್ದೇ ಫೋಟೊ ತೆಗೆಯುವುದು. ಬೂಷ್ಟನ್ನು ಆಮೇಲೆ ಕ್ಯಾಮರಾ ಅಂಗಡಿಯ ಜಾಬಿರ್ ಕಂಪ್ಯೂಟರಿನಲ್ಲಿ ಒರೆಸ್ತಾನೆ. ಆದರೆ ಮುಖದ ಮೇಲೆ ಬಂದರೆ ಒರೆಸ್ಲಿಕ್ಕೂ ಆಗುವುದಿಲ್ಲ. ಕೆಳಗೆ ಎಂತ ಇತ್ತು ಅಂತ ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ."

"ಹಾಗಾದರೆ ಈಗಲೇ ತೆಗೀರಿ."

ಅವರು ಒಂದು ಡಬ್ಬಿಯಿಂದ ಬಳೆಯಷ್ಟು ದೊಡ್ಡ ಒಂದು ಕಪ್ಪು ಗಾಜು ತೆಗೆದು ನನ್ನ ಕೈಗೆ ಕೊಟ್ಟರು. ಅಂಚಿನಿಂದ ಒಳಗೆ ಕಾಮನಬಿಲ್ಲಿನ ಹಾಗೆ ಪೊರೆ ಎದ್ದಿತ್ತು.

"ಪೋಲರೈಸರ್. ಲೆನ್ಸಿನ ಬಾಯಿಗೆ ಹಾಕುವ ಫಿಲ್ಟರ್; ಗಾಜಿನ ಮೇಲೆ ಬಿದ್ದ ಬೆಳಕನ್ನು ತೆಗೆಯುವುದು ಇದೇ. ಇದೂ ನನ್ನ ಹಾಗೆಯೇ ತೇವ ಕುಡಿದು ಕೆಟ್ಟಿದೆ. ಹೊಸದು ಆಗ್ಬೇಕು. ನೀವು ಬರ್ತೀರಾ ಜಾಬಿರನ ಅಂಗಡಿಗೆ? ಫೋಟೊ ಹಿಡ್ಕೊಂಡು ಬನ್ನಿ. ಕೆಲವರು ಕಂಪೆನಿ ಹೆಸರು ನೋಡಿ ತಗೊಳ್ತಾರೆ. ನನಗೆ ಯಾವ ಗಾಜಿನ ಮೇಲೆ ಕೆಲಸ ಉಂಟೋ ಅದರ ಮೇಲೆಯೇ ನೋಡ್ಬೇಕು."

ಜಾಬಿರನ ಕ್ಯಾಮರಾ ಅಂಗಡಿ ಎರಡು ಬೀದಿ ಆಚೆ. ಐವತ್ತರ ಆಸುಪಾಸಿನ, ನಗುಮುಖದ ಬ್ಯಾರಿ ಮುಸ್ಲಿಂ.

"ಬನ್ನಿ ಡೆನ್ಜಿಲಣ್ಣ. ನೀವು ಒಂದು ಫಿಲ್ಟರ್ ಆರಿಸುವಷ್ಟರಲ್ಲಿ ನನ್ನ ಅಂಗಡಿಗೆ ಎರಡು ಸಲ ಸುಣ್ಣ ಬಳೀಬಹುದು."

"ನೀನು ಬಳೀತಾ ಇರು. ಮೊದಲು ಸೈಜ್. ನಳಿನಕ್ಕ, ಈ ಲೆನ್ಸಿನ ಬಾಯಲ್ಲಿ ಒಂದು ನಂಬರ್ ಉಂಟು, ಓದಿ."

ಬೀಡಿಯ ಪಾಸ್‌ಬುಕ್ಕಿನಿಂದಾಗಿ ಅಂಕಿ ನನಗೆ ಸರಿಯಾಗಿ ಬರುತ್ತದೆ. "ಐವತ್ತೆಂಟು," ಎಂದೆ.

"ಹಾಂ. ಐವತ್ತೆಂಟಕ್ಕೆ ಐವತ್ತೆಂಟೇ. ಅರವತ್ತು ತಂದು ಕಾಗದ ಸುತ್ತಿ ಕೂರಿಸುವವರು ಇದ್ದಾರೆ."

ಜಾಬಿರ್ ಹೊಸ ನಮೂನೆಯದ್ದು ಒಂದು ಕೊಟ್ಟ. ಅದರ ಹೊರಗಿನ ಬಳೆಯನ್ನು ತಿರುಗಿಸಬೇಕು. ಪೊರ್ಬುಗಳು ಅದನ್ನು ನನ್ನ ಕೈಗೆ ಕೊಟ್ಟು ತಿರುಗಿಸಲು ಹೇಳಿದರು. ಎಲೆ, ಹೊಗೆಸೊಪ್ಪು, ನೂಲು ಎಂದು ಐವತ್ತು ವರ್ಷ ಬೆರಳು ಸವೆಸಿದವಳಿಗೆ ಬಿಗಿ ಯಾವುದು, ಸಡಿಲ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

"ಮರಳು ಸಿಕ್ಕಿದ ಹಾಗೆ ಉಂಟು," ಎಂದೆ. ಮತ್ತೆ ಅದರ ಮೂಲಕ ಚೌಕಟ್ಟನ್ನು ನೋಡಿದೆ. "ಶರಟು ಹಳದಿ ಆಯ್ತು. ಇವರು ಹಳದಿ ಶರಟು ಹಾಕಿದವರೇ ಅಲ್ಲ."

ಜಾಬಿರ್ ಬಾಯಿ ತೆರೆದು ನನ್ನನ್ನು ನೋಡಿದ. "ಡೆನ್ಜಿಲಣ್ಣ, ಇವರನ್ನು ಎಲ್ಲಿಂದ ಹಿಡಿದು ತಂದಿರಿ?"

"ಹಳೆ ನಮೂನೆಯದ್ದು ಉಂಟಾ ನೋಡು," ಎಂದರು ಪೊರ್ಬು. "ಹೊಸದು ತನ್ನಿಂದ ತಾನೇ ಫೋಕಸ್ ಆಗುವ ಕ್ಯಾಮರಾಗಳಿಗೆ. ನನ್ನದರಲ್ಲಿ ಫೋಕಸ್ಸೂ ಬೆಳಕೂ ಎರಡೂ ಕೈಯಲ್ಲೇ ಮಾಡುವುದು. ನನಗೆ ಹಳೆಯದೇ ಸಾಕು. ಅದು ಬೆಳಕನ್ನು ಕತ್ತರಿಯ ಹಾಗೆ ಕತ್ತರಿಸ್ತದೆ."

ಜಾಬಿರ್ ಡ್ರಾಯರಿನ ತಳದಿಂದ ಒಂದು ತೆಗೆದ. ಅವನ ತಂದೆಯ ಕಾಲದ್ದು, ಒಂದೇ ಉಳಿದದ್ದು. ಬಳೆ ಬೆಣ್ಣೆಯ ಹಾಗೆ ತಿರುಗಿತು. ಬಿಳಿ ಬಿಳಿಯಾಗಿಯೇ ಇತ್ತು. ನಾನು ತಲೆಯಾಡಿಸಿ ಪೊರ್ಬುಗಳ ಕೈಗೆ ಕೊಟ್ಟೆ. ಅವರು ಎಡಗಣ್ಣಿಗೆ ಹಿಡಿದರು. ನಿಧಾನ ತಿರುಗಿಸಿದರು. ಅರ್ಧಕ್ಕೆ ಬಂದಾಗ ಅವರ ಮುಖ ಬಿಳಿಚಿತು. ಫಿಲ್ಟರನ್ನು ಗಾಜಿನ ಮೇಜಿನ ಮೇಲೆ ಇಟ್ಟುಬಿಟ್ಟರು.

"ಬೇಡ. ಇದು ಹಾಳಾಗಿದೆ."

"ಎಂತ ಡೆನ್ಜಿಲಣ್ಣ, ಈಗಷ್ಟೇ ಡಬ್ಬಿ ಒಡೆದದ್ದು!"

"ಬೇಡ ಅಂದೆನಲ್ಲ!"

ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದರು. ನಾನು ಚೌಕಟ್ಟು ಅಪ್ಪಿಕೊಂಡು ಅಂಗಡಿಯಲ್ಲೇ ನಿಂತೆ.

ಎರಡು ವಾರ ಕಾದೆ. ಮೇ ಅರ್ಧವಾಯಿತು. ಕಡಲಿನ ಕಡೆಯಿಂದ ಮೋಡ ಬರತೊಡಗಿತು. ದಿನಾ ಬೆಳಿಗ್ಗೆ ಮೊದಲು ಬೂಷ್ಟು ನೋಡುವುದು, ಆಮೇಲೆ ಮುಖ ತೊಳೆಯುವುದು. ಭುಜದಿಂದ ಅದು ಕೊರಳಿನ ಪಟ್ಟಿಗೆ ಹತ್ತಿತ್ತು. ಗೆರಸೆಯ ಎದುರು ಕೂತರೆ ಬೆರಳು ತನ್ನಷ್ಟಕ್ಕೆ ಕೆಲಸ ಮಾಡುತ್ತದೆ, ತಲೆಗೆ ಮಾಡಲು ಏನೂ ಇರುವುದಿಲ್ಲ. ಮನೆಯಲ್ಲಿ ಮಾತಾಡುವವರಿಲ್ಲದೆ ಹದಿನೆಂಟು ವರ್ಷ ಕಳೆದಿದ್ದೆ. ಆದರೂ ಆ ಎರಡು ವಾರ ಮನೆ ಇನ್ನಷ್ಟು ಖಾಲಿಯಾದ ಹಾಗೆ ಅನಿಸಿತು.

ಕೊನೆಗೆ ಒಂದು ಡಬ್ಬಿ ಖಾರ ಅವಲಕ್ಕಿ ಕಲಸಿಕೊಂಡು ಲಾಡ್ಜಿನ ಮಹಡಿ ಹತ್ತಿದೆ. ಬಾಗಿಲು ಹಾಕಿತ್ತು. ಬಡಿದೆ.

"ಯಾರು?"

"ಹಳದಿ ಶರಟಿನವರ ಹೆಂಡತಿ."

ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಗಡ್ಡ ಬೆಳೆದಿತ್ತು. ಕ್ಯಾಮರಾಗಳಿಗೆಲ್ಲ ಬಟ್ಟೆ ಮುಚ್ಚಿದ್ದರು. ಅವಲಕ್ಕಿ ಡಬ್ಬಿಯನ್ನು ಮುಟ್ಟಲಿಲ್ಲ.

"ನಳಿನಕ್ಕ, ನಿಮ್ಮ ಕೆಲಸ ನನ್ನಿಂದ ಆಗುವುದಿಲ್ಲ. ಬೇರೆಯವರನ್ನು ನೋಡಿ."

"ಬೇರೆಯವರು ಯಾರಿದ್ದಾರೆ?"

ಅವರು ಮಂಚದ ಮೇಲೆ ಕೂತು ನೆಲ ನೋಡಿದರು. "ಆ ದಿನ ಜಾಬಿರನ ಅಂಗಡಿಯಲ್ಲಿ ಕಣ್ಣು ಹೋಯ್ತು. ಒಮ್ಮೆಲೇ. ಕಪ್ಪು. ಕತ್ತಲೆಕೋಣೆಯಲ್ಲಿ ದೀಪ ಆರಿಸಿದ ಹಾಗೆ. ಫಿಲ್ಟರಿಗೆ ಎಂತದೂ ಆಗಿರ್ಲಿಲ್ಲ. ನಾನು ಸುಳ್ಳು ಹೇಳಿದೆ. ಇದ್ದದ್ದು ಒಂದು ಕಣ್ಣು."

"ಡಾಕ್ಟರಿಗೆ ತೋರಿಸಿದಿರಾ?"

"ತೋರಿಸಿದರೆ ಹೋಯ್ತು ಅಂತಲೇ ಹೇಳ್ತಾರೆ. ಹೇಳದೆ ಇದ್ದಷ್ಟು ದಿನ ಇರ್ತದೆ."

ಅದು ನನಗೆ ಅರ್ಥವಾಯಿತು. ಬೂಷ್ಟನ್ನು ನಾನೂ ಎಷ್ಟೋ ದಿನ ನೋಡದ ಹಾಗೆ ಮಾಡಿದ್ದೆ. ಆದರೆ ಒಂದು ವಿಷಯ ಸರಿಹೊಂದಲಿಲ್ಲ.

"ಪೊರ್ಬುಗಳೇ, ಯಾವಾಗ ಕಪ್ಪಾಯ್ತು?"

"ರಿಂಗ್ ತಿರುಗಿಸುವಾಗ."

"ಮತ್ತೆ ಬೆಳಕು ಬಂತಾ?"

"ಬಂತು. ಕೆಳಗೆ ಇಟ್ಟಾಗ."

"ಆಮೇಲೆ ಈ ಎರಡು ವಾರದಲ್ಲಿ?"

"ಇಲ್ಲ."

"ರಿಂಗ್ ತಿರುಗಿಸಿದರೆ ಹೋಗಿ, ಕೆಳಗಿಟ್ಟರೆ ಬರುವ ಕಣ್ಣು ಎಂತದು ಮಾರಾಯ್ರೆ? ಅದು ಕಣ್ಣಾ, ಸ್ವಿಚ್ಚಾ?"

ಅವರಿಗೆ ಸಿಟ್ಟು ಬಂತು. ನಾನು ಬಿಡಲಿಲ್ಲ. ಡಬ್ಬಿಯಿಂದ ಅವರ ಹಳೆ ಪೊರೆ ಎದ್ದ ಫಿಲ್ಟರ್ ತೆಗೆದು ನನ್ನ ಕಣ್ಣಿಗೆ ಹಿಡಿದು ಸುತ್ತ ತಿರುಗಿಸಿದೆ. ಏನೂ ಕಪ್ಪಾಗಲಿಲ್ಲ. ನನಗೂ ಅವರಿಗೂ ವ್ಯತ್ಯಾಸ ಎಂತ ಎಂದು ನೋಡಿದರೆ, ಅವರ ಮೂಗಿನ ಮೇಲೆಯೇ ಕೂತಿತ್ತು, ಆ ದಿನ ಅಂಗಡಿಯಲ್ಲೂ ಅಲ್ಲೇ ಇತ್ತು. ಕೂಲಿಂಗ್ ಗ್ಲಾಸನ್ನು ಅವರ ಮುಖದಿಂದ ತೆಗೆದು ನಾನು ಹಾಕಿಕೊಂಡೆ. ಮತ್ತೆ ತಿರುಗಿಸಿದೆ. ಕಿಟಕಿ ಮಸುಕಾಯಿತು, ಇನ್ನೂ ಮಸುಕಾಯಿತು, ಪೂರ್ತಿ ಕಪ್ಪಾಯಿತು.

"ಹೋಯ್ತು! ನನ್ನದೂ ಕಣ್ಣು ಹೋಯ್ತು ಪೊರ್ಬುಗಳೇ!"

ಅವರು ಎದ್ದು, ನನ್ನ ಕೈಯಿಂದ ಎರಡನ್ನೂ ಕಿತ್ತುಕೊಂಡು, ಒಂದರ ಎದುರು ಇನ್ನೊಂದು ಹಿಡಿದು ತಿರುಗಿಸಿದರು. ಕಪ್ಪು. ಬೆಳಕು. ಕಪ್ಪು. ಬೆಳಕು.

"ಇದೂ ಪೋಲರೈಸರ್," ಎಂದರು. "ಕುವೈತಿನ ಈ ಹಾಳು ಕನ್ನಡಕವೂ ಪೋಲರೈಸರ್. ಎರಡು ಅಡ್ಡ ಬಂದರೆ ಬೆಳಕು ಬರುವುದೇ ಇಲ್ಲ. ಸ್ಟುಡಿಯೋಕ್ಕೆ ಬರುತ್ತಿದ್ದ ಮಕ್ಕಳಿಗೆ ನಾನೇ ಈ ಆಟ ತೋರಿಸ್ತಿದ್ದೆ ನಳಿನಕ್ಕ. ನಾನೇ!"

ಅವರು ನಕ್ಕರು. ನಗುವಾಗ ಎಡಗಣ್ಣಿನಿಂದ ನೀರು ಬಂತು, ಬಲಗಣ್ಣಿನಿಂದಲೂ ಬಂತು. ಆಮೇಲೆ ಅವಲಕ್ಕಿ ಡಬ್ಬಿ ಖಾಲಿ ಮಾಡಿದರು. ಆ ಹೊತ್ತಿನಲ್ಲೇ ಅವರ ಕಥೆ ಕೇಳಿದ್ದು. ಮದುವೆ ಆಗಲಿಲ್ಲ. ಹುಡುಗಿ ನೋಡುವ ಕಾಲದಲ್ಲಿ ಮದುವೆಗೆ ಕಳಿಸುವ ಫೋಟೊ ತೆಗೆಸಲು ಸಿಟಿಯ ಅರ್ಧ ಹುಡುಗಿಯರು ಅವರ ಸ್ಟುಡಿಯೋಕ್ಕೆ ಬರುತ್ತಿದ್ದರಂತೆ. "ಎಲ್ಲರನ್ನೂ ಚೆಂದ ಮಾಡಿ ಬೇರೆಯವರಿಗೆ ಕಳಿಸಿದೆ," ಎಂದರು. ಮೊಬೈಲು ಬಂದ ಮೇಲೆ ಬದುಕಿದ್ದವರು ಬರುವುದು ನಿಂತಿತು. ಅಂಟಿದ ಫೋಟೊದವರು ಮಾತ್ರ ಉಳಿದರು.

ಹಳೆ ನಮೂನೆಯ ಆ ಫಿಲ್ಟರನ್ನು ಜಾಬಿರ್ ಯಾರಿಗೂ ಕೊಟ್ಟಿರಲಿಲ್ಲ. "ಹಾಳಾಗಿದೆ ಅಂದಿರಲ್ಲ, ಇನ್ಯಾರು ತಗೊಳ್ತಾರೆ?" ಎಂದು ಕುಟುಕಿ ಕೊಟ್ಟ.

ಮೇ ಇಪ್ಪತ್ತೆರಡರ ಬೆಳಿಗ್ಗೆ ಒಂಬತ್ತಕ್ಕೆ ಪೊರ್ಬುಗಳು ನಮ್ಮ ಮನೆಗೆ ಬಂದರು. ಒಂಬತ್ತರಿಂದ ಹತ್ತು, ಅಷ್ಟೇ ಅವರ ಹೊತ್ತು. ಆಮೇಲಿನ ಬೆಳಕು ಗಡುಸಂತೆ. ಕೂಲಿಂಗ್ ಗ್ಲಾಸನ್ನು ಮೆಟ್ಟಿಲಲ್ಲೇ ಚಪ್ಪಲಿಯ ಜೊತೆ ಬಿಟ್ಟು ತಮ್ಮ ಹಳೆ ದಪ್ಪ ಕನ್ನಡಕ ಹಾಕಿಕೊಂಡರು. ಚೌಕಟ್ಟನ್ನು ಬೀಡಿ ಮಣೆಯ ಮೇಲೆ ನಿಲ್ಲಿಸಿ, ಕ್ಯಾಮರಾವನ್ನು ಎದುರಿಗೆ ಇಡದೆ ಬದಿಯಲ್ಲಿ ಇಟ್ಟರು.

"ನೇರ ನಿಂತರೆ ಗಾಜು ಮಾತು ಕೇಳುವುದಿಲ್ಲ. ಓರೆಯಿಂದ ನೋಡ್ಬೇಕು. ಓರೆ ಬಂದದ್ದನ್ನು ಜಾಬಿರ್ ನೆಟ್ಟಗೆ ಮಾಡ್ತಾನೆ."

ಕ್ಯಾಮರಾದ ಕೊರಳಿಗೆ ಒಂದು ನೂಲು ಕಟ್ಟಿತ್ತು, ಅದರಲ್ಲಿ ಅಲ್ಲಲ್ಲಿ ಗಂಟು. ನೂಲನ್ನು ಚೌಕಟ್ಟಿನವರೆಗೆ ಎಳೆದು, ಗಂಟುಗಳನ್ನು ಬೆರಳಿನಲ್ಲಿ ಎಣಿಸಿ, ಆ ಅಳತೆಗೆ ಲೆನ್ಸನ್ನು ತಿರುಗಿಸಿದರು. ಕಣ್ಣು ನಂಬದ ಮೇಲೆ ಅವರು ಮಾಡಿಕೊಂಡ ಉಪಾಯ ಅದು. ಆದರೆ ಬೆಳಕು ಹೋಯಿತಾ ಎಂದು ನೋಡಲು ನೂಲು ಸಾಲದು. ಅದಕ್ಕೆ ನಾನು ಬೇಕಿತ್ತು.

"ಕ್ಯಾಮರಾದ ಹಿಂದಿನ ಪರದೆ ನೋಡ್ತಾ ರಿಂಗ್ ತಿರುಗಿಸಿ. ಬೀಡಿ ಸುತ್ತುವಷ್ಟು ಮೆಲ್ಲ. ಗಾಜಿನ ಮೇಲಿನದ್ದೆಲ್ಲ ಹೋದಾಗ ಸಾಕು ಅನ್ನಿ. ಒಂದು ಕೂದಲು ಹೆಚ್ಚು ಹೋದರೂ ವಾಪಸು ಬರ್ತದೆ."

ತಿರುಗಿಸಿದೆ. ಮೊದಲು ಪರದೆಯಲ್ಲಿ ಕಂಡದ್ದು ನಮ್ಮ ಬಾಗಿಲು, ಅಂಗಳದ ಹಗ್ಗದಲ್ಲಿ ಒಣಗಲು ಹಾಕಿದ ನನ್ನ ಸೀರೆ. ಅವೇ ಲೋಕಯ್ಯರ ಮೈಮೇಲೆ ಬಿದ್ದಿದ್ದವು. ಇನ್ನೂ ತಿರುಗಿಸಿದೆ. ಸೀರೆ ತೆಳುವಾಯಿತು. ಹಗ್ಗ ಹೋಯಿತು. ಬಾಗಿಲು ಬದಿಯಿಂದ ಕರಗುತ್ತಾ ಬಂದು ಇಲ್ಲವಾಯಿತು. ಗಾಜೇ ಇಲ್ಲದ ಹಾಗೆ ಅವರು ಕೂತಿದ್ದರು. ಬಿಸಿಲಿಗೆ ಸಣ್ಣ ಮಾಡಿದ ಕಣ್ಣು. ಬಿಳಿ ಶರಟು. ಎರಡನೇ ಗುಂಡಿಯಲ್ಲಿ ಕೆಂಪು ನೂಲು.

"ಆಯ್ತಾ?" ಎಂದರು ಪೊರ್ಬು.

ಸಾಕು ಎಂದರೆ ಕ್ಲಿಕ್ ಮಾಡುತ್ತಾರೆ, ಕ್ಯಾಮರಾ ಎತ್ತಿಕೊಂಡು ಹೋಗುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಅನಿಸಿತು. ಪೊರ್ಬುಗಳಿಗೆ ಗೊತ್ತಾಗಿರಬೇಕು. ಬಾಗಿಲ ಕಡೆ ತಿರುಗಿ, ಅಂಗಳದಲ್ಲಿ ಏನೋ ಇದ್ದ ಹಾಗೆ ನೋಡುತ್ತಾ ನಿಂತರು.

"ಸಾಕು," ಎಂದೆ ಕೊನೆಗೆ.

ಆ ವರ್ಷ ಮಳೆ ಬಂದು ಗಾಜಿನಲ್ಲಿದ್ದ ಮುಖವನ್ನು ಬೂಷ್ಟು ನುಂಗಿತು. ಗೋಡೆಯಲ್ಲಿ ಹೊಸ ಫೋಟೊ ಇತ್ತು, ನಾನು ಅಳಲಿಲ್ಲ.

ಆಮೇಲೆ ಎರಡು ವರ್ಷ, ಕರೆ ಬಂದಾಗಲೆಲ್ಲ ನಾನೂ ಅವರೊಡನೆ ಹೋದೆ. ಉಳ್ಳಾಲದ ಒಂದು ಬ್ಯಾರಿಗಳ ಮನೆಯಲ್ಲಿ ಹಜ್ಜಿಗೆ ಹೋಗುವ ಮೊದಲು ತೆಗೆಸಿದ ಅಜ್ಜ. ಬಂದರಿನ ಬದಿಯಲ್ಲಿ ಮದುವೆಯ ಮರುವರ್ಷವೇ ತೀರಿಹೋದ ಒಬ್ಬಳು ಸೊಸೆ. ಅವರು ನೂಲು ಎಳೆಯುವುದು, ನಾನು ರಿಂಗ್ ತಿರುಗಿಸಿ ಸಾಕು ಅನ್ನುವುದು. ಆ ಮನೆಯವರು ಅಳುವಾಗ ಪೊರ್ಬುಗಳು ಶರಟಿನ ಬಣ್ಣ ಕೇಳುತ್ತಿದ್ದರು, ಸೀರೆಯ ಅಂಚು ಕೇಳುತ್ತಿದ್ದರು. ಅಳು ನಿಂತು ಅವರು ನೆನಪು ಮಾಡಿಕೊಳ್ಳುತ್ತಿದ್ದರು. ಹೊರಡುವಾಗ ಎಲ್ಲ ಕಡೆ ಒಂದೇ ಮಾತು: "ಹೊಸದಕ್ಕೆ ಚೌಕಟ್ಟು ಹಾಕುವಾಗ ಫೋಟೊ ಗಾಜಿಗೆ ತಾಗ್ಬಾರದು. ನಡುವೆ ಅಂಚಿಗೆ ದಪ್ಪ ರಟ್ಟು ಇಡ್ಲಿಕ್ಕೆ ಹೇಳಿ." ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದು, ಅವರು ಅವರ ಮಹಡಿಗೆ, ನಾನು ನನ್ನ ಗೆರಸೆಗೆ. ನಡುವೆ ಕೆಲವು ಸಲ ತಿಂಗಳುಗಟ್ಟಲೆ ಯಾರೂ ಕರೆಯುತ್ತಿರಲಿಲ್ಲ. ಆಗ ನಾನು ಸುಮ್ಮನೆ ಅವರ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಕೆಲಸ ಇಲ್ಲದೆ ಹೋಗಿ ಎಂತ ಮಾತಾಡುವುದು ಎಂದು ನಾಚಿಕೆ. ಈಗ ಅವರಿಲ್ಲ, ಆ ತಿಂಗಳುಗಳನ್ನು ಬೆರಳಲ್ಲಿ ಎಣಿಸುತ್ತಾ ಕೂರುತ್ತೇನೆ.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ, ಕ್ರಿಶ್ಚಿಯನ್ನರ ಮೊಂತಿ ಹಬ್ಬ ಕಳೆದ ವಾರ ಜಾಬಿರ್ ಫೋನ್ ಮಾಡಿದ. "ಅಮ್ಮ, ಡೆನ್ಜಿಲಣ್ಣ ಆಸ್ಪತ್ರೆಯಲ್ಲಿದ್ದಾರೆ. ಕ್ಯಾಮರಾ ತರ್ಲಿಕ್ಕೆ ಹೇಳಿದ್ದಾರೆ. ನಿಮ್ಮನ್ನೂ."

ಕಿಟಕಿಯ ಬದಿಯ ಮಂಚ. ಅವರು ದಿಂಬಿಗೆ ಒರಗಿದ್ದರು. ದಪ್ಪ ಕನ್ನಡಕ ಹಾಕಿಕೊಂಡಿದ್ದರು. ಎದೆ ಏರುವುದು ಇಳಿಯುವುದು ದೂರದಿಂದಲೇ ಕಾಣುತ್ತಿತ್ತು. ಗಂಟೆ ಒಂಬತ್ತೂವರೆ.

"ಸರಿಯಾದ ಹೊತ್ತಿಗೆ ಬಂದಿರಿ ನಳಿನಕ್ಕ. ನನ್ನದೊಂದು ತೆಗೀರಿ."

"ನಿಮ್ಮದು ಒಂದೂ ಇಲ್ಲವಾ?"

"ಆಧಾರ್ ಕಾರ್ಡಿನದ್ದು ಉಂಟು. ಅದರಲ್ಲಿ ಕಳ್ಳನ ಹಾಗೆ ಕಾಣ್ತೇನೆ. ಅದನ್ನು ಇಟ್ಟು ಪ್ರಾರ್ಥನೆ ಮಾಡಿದರೆ ದೇವರೂ ಪೊಲೀಸಿಗೆ ಹೇಳಿಯಾನು."

ಜಾಬಿರ್ ಮುಖ ತಿರುಗಿಸಿಕೊಂಡು ಕ್ಯಾಮರಾದ ಮುಕ್ಕಾಲಿ ನಿಲ್ಲಿಸಿದ. ನೂಲು ಎಳೆದವಳು ನಾನು. ಗಂಟು ಎಣಿಸಿ ಹೇಳಿದೆ, ಎಷ್ಟಕ್ಕೆ ಇಡಬೇಕು ಎಂದು ಅವರು ಮಲಗಿದಲ್ಲಿಂದಲೇ ಹೇಳಿದರು. ಪರದೆ ನೋಡಿದೆ. ಕಿಟಕಿ ಎರಡಾಗಿ ಅವರ ಕನ್ನಡಕದ ಎರಡೂ ಗಾಜಿನಲ್ಲಿ ಬಿಳಿಯಾಗಿ ಕೂತಿತ್ತು. ಕಣ್ಣಿನ ಜಾಗದಲ್ಲಿ ಎರಡು ಕಿಟಕಿ.

"ಕನ್ನಡಕ ತೆಗೆಯುವುದಾ ಪೊರ್ಬುಗಳೇ?"

"ಬೇಡ. ಇದಿಲ್ಲದಿದ್ದರೆ ನಾನು ಅಂತ ಯಾರಿಗೆ ಗೊತ್ತಾಗ್ತದೆ? ರಿಂಗ್ ತಿರುಗಿಸಿ. ಮೆಲ್ಲ."

ತಿರುಗಿಸಿದೆ. ಒಂದು ಕಿಟಕಿ ತೆಳುವಾಯಿತು, ಮತ್ತೊಂದು. ಎಡಗಣ್ಣು ಮೊದಲು ಬಂತು, ಸ್ವಲ್ಪ ತಡೆದು ಬಲಗಣ್ಣು. ಎಡಗಣ್ಣು ನನ್ನನ್ನೇ ನೋಡುತ್ತಿತ್ತು. ಬಲಗಣ್ಣು ಗೋಡೆಯನ್ನು. ಬೇರೆಯವರ ಮುಖಗಳ ಮೇಲಿನ ಬೆಳಕನ್ನೆಲ್ಲ ತೆಗೆದ ಮನುಷ್ಯನ ಕಣ್ಣನ್ನು ನಾನು ಇಷ್ಟು ಸರಿಯಾಗಿ ನೋಡಿದ್ದು ಅದೇ ಮೊದಲು. ಸಾಕು ಎನ್ನಬೇಕಿತ್ತು. ಬೆರಳು ರಿಂಗಿನ ಮೇಲೆಯೇ ನಿಂತಿತ್ತು. ಅವರು ಕಾದರು. ಈ ಸಲ ಬಾಗಿಲ ಕಡೆ ತಿರುಗಿ ನಿಲ್ಲಲು ಅವರಿಗೆ ಆಗುತ್ತಿರಲಿಲ್ಲ.

"ನಳಿನಕ್ಕ," ಎಂದು ಕೇಳಿದರು, "ಕಣ್ಣು ಕಾಣ್ತದಾ?"